ಆಸ್ತಿ ಪತ್ರಗಳಲ್ಲಿ ಗುಲಾಮರ ಹೆಸರು ಹುಡುಕಿದ ಬಗೆ: ನನ್ನ ಅನುಭವ

ಅಮೆರಿಕದ ನಾರ್ತ್ ಕ್ಯಾರೊಲೈನಾದ ಮ್ಯಾಡಿಸನ್ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಮೂಲದ ನನ್ನ ಸಹೋದ್ಯೋಗಿಯೊಬ್ಬರ, ಹಿಂದೆ ಗುಲಾಮಳಾಗಿದ್ದ ಪೂರ್ವಿಕಳ ಹೆಸರು 1870ರ ಜನಗಣತಿಯಲ್ಲಿ ಸಿಕ್ಕಿತ್ತು; ಅದರ ಹಿಂದಕ್ಕೆ ದಾರಿ ಕಾಣುತ್ತಿರಲಿಲ್ಲ. 1850 ಮತ್ತು 1860ರ ಗುಲಾಮರ ಪಟ್ಟಿಗಳು ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಮೈಬಣ್ಣಗಳನ್ನಷ್ಟೇ ಕೊಡುತ್ತವೆ, ಅವರ ಹೆಸರುಗಳನ್ನು ಬಹುತೇಕ ಹೇಳುವುದೇ ಇಲ್ಲ. ಆದರೆ ಮನುಷ್ಯರನ್ನು ಆಸ್ತಿಯೆಂದು ಎಣಿಸಿದ ಅದೇ ಕಾನೂನು ಅವರ ಕ್ರಯ, ಅಡಮಾನ, ದಾನಗಳನ್ನು ಹೊಲಮನೆಗಳ ಪತ್ರಗಳ ಜೊತೆಯಲ್ಲೇ ಕೌಂಟಿಯ ನೋಂದಣಿ ಪುಸ್ತಕಗಳಲ್ಲಿ ಬರೆಸಿತು, ಮತ್ತು ಅಲ್ಲಿ ಅನೇಕ ಹೆಸರುಗಳಿವೆ.

ತೊಡಕೆಂದರೆ, ಆ ಪುಸ್ತಕಗಳ ಸೂಚಿಯಲ್ಲಿರುವುದು ಕೊಟ್ಟವರ ಮತ್ತು ಪಡೆದವರ ಹೆಸರು ಮಾತ್ರ. ಆದ್ದರಿಂದ ಮೊದಲು ಒಡೆಯನನ್ನು ಗುರುತಿಸಬೇಕಾಯಿತು: 1870ರಲ್ಲಿ ಆಕೆಯ ಮನೆಯ ಆಸುಪಾಸಿನಲ್ಲಿದ್ದ ಬಿಳಿಯ ಭೂಮಾಲೀಕರನ್ನು 1860ರ ಪಟ್ಟಿಯ ಒಡೆಯರೊಂದಿಗೆ ಹೋಲಿಸಿ, ಆಕೆಯ ವಯಸ್ಸಿಗೆ ಹೊಂದುವ ಹುಡುಗಿಯಿದ್ದ ಮನೆಗಳನ್ನು ಉಳಿಸಿಕೊಂಡೆ. ಕುಲನಾಮವೊಂದನ್ನೇ ನಂಬುವುದು ಸರಿಯಲ್ಲ. ಬಿಡುಗಡೆಯಾದ ಎಲ್ಲರೂ ಕೊನೆಯ ಒಡೆಯನ ಕುಲನಾಮವನ್ನು ಇಟ್ಟುಕೊಳ್ಳಲಿಲ್ಲ.

ಗಂಟು ಬಿಚ್ಚಿದ್ದು ಗಡಿಯ ಇತಿಹಾಸ. ಮ್ಯಾಡಿಸನ್ ಕೌಂಟಿ 1851ರಲ್ಲಿ ಬನ್‌ಕಂಬ್ ಮತ್ತು ಯಾನ್ಸಿ ಕೌಂಟಿಗಳಿಂದ ರೂಪುಗೊಂಡದ್ದು; ಅದಕ್ಕೂ ಹಿಂದಿನ ಪತ್ರಗಳನ್ನು ಆ ಮೂಲ ಕೌಂಟಿಗಳಲ್ಲೇ ಹುಡುಕಬೇಕು. ಆಶ್‌ವಿಲ್‌ನಲ್ಲಿರುವ ಬನ್‌ಕಂಬ್ ನೋಂದಣಿ ಕಚೇರಿಯು ಗುಲಾಮರ ಕುರಿತ ಪತ್ರಗಳನ್ನು ಪ್ರತ್ಯೇಕಿಸಿ ಅಂತರ್ಜಾಲದಲ್ಲಿ ಒದಗಿಸಿರುವುದು ನಿಜಕ್ಕೂ ದೊಡ್ಡ ಉಪಕಾರ. ಅಲ್ಲಿ, ಒಡೆಯನಾಗಿದ್ದ ತಂದೆಯೊಬ್ಬ ತನ್ನ ಮಗಳಿಗೆ ಬರೆದುಕೊಟ್ಟ ದಾನಪತ್ರದಲ್ಲಿ, ನಾನು ಹುಡುಕುತ್ತಿದ್ದ ಗುಲಾಮ ಹುಡುಗಿಯ ಹೆಸರು, ವಯಸ್ಸು ಎರಡೂ ಇದ್ದವು. ಒಂದೇ ಪತ್ರ ಸಾಕ್ಷ್ಯವಾಗಲಾರದೆಂದು ಆ ತಂದೆಯ ಮರಣಾನಂತರದ ಆಸ್ತಿಪಟ್ಟಿಯನ್ನೂ ತೆಗೆದು ನೋಡಿದಾಗ, ಜಾನುವಾರುಗಳ ಸಾಲಿನ ಮೇಲೆಯೇ, ಬೆಲೆಯ ಸಮೇತ, ಅವಳ ತಾಯಿಯ ಹೆಸರಿತ್ತು. ಆ ಪುಟವನ್ನು ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಅದರಲ್ಲಿದ್ದ ಉಳಿದ ಹೆಸರುಗಳನ್ನೂ ಪುಸ್ತಕ, ಪುಟಸಂಖ್ಯೆ ಸಹಿತ ಬರೆದಿಟ್ಟಿದ್ದೇನೆ. ಇತರ ಕುಟುಂಬಗಳೂ ಅವರನ್ನು ಹುಡುಕುತ್ತಿರಬಹುದು.