ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಕೋವಿ, ಕೋರ್ಟು ಮತ್ತು ನಿಮ್ಮ ವೀಸಾ

2016ರ ಅಕ್ಟೋಬರ್‌ನಲ್ಲಿ ಅಪ್ಪ ತೀರ್ಥಹಳ್ಳಿಯಿಂದ ಡಲ್ಲಸ್‌ಗೆ ಬಂದಿದ್ದರು. ಪಕ್ಕದ ಮನೆಯವನು ಜಿಂಕೆ ಬೇಟೆಗೆ ತಯಾರಾಗುತ್ತಿದ್ದ. ಗ್ಯಾರೇಜಿನ ಬಾಗಿಲು ತೆಗೆದಿಟ್ಟು, ಮೇಜಿನ ಮೇಲೆ ಎರಡು ರೈಫಲ್ ಹರಡಿಕೊಂಡು ಎಣ್ಣೆ ಹಚ್ಚಿ ಒರೆಸುತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ಮೆಲ್ಲಗೆ ಕೇಳಿದರು: "ಎಲೆಕ್ಷನ್ ಬಂತಲ್ಲೋ ಮಾರಾಯ, ಇವನು ಇನ್ನೂ ಕೋವಿ ಸ್ಟೇಷನ್ನಿಗೆ ಕೊಟ್ಟಿಲ್ವಾ?"

ಮಲೆನಾಡಿನವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಒಂದು ಜೋಡಿ ನಳಿಗೆಯ ಕೋವಿ ಇತ್ತು. ಹಂದಿ ಕಾಟಕ್ಕೆ ಅಂತ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ತೆಗೆದದ್ದು. ಚುನಾವಣೆ ಘೋಷಣೆಯಾದರೆ ಸಾಕು, ಅಪ್ಪ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಸ್ಟೇಷನ್ನಿಗೆ ಕೊಟ್ಟು ರಸೀದಿ ತರುತ್ತಿದ್ದರು. ಎಲೆಕ್ಷನ್ ಮುಗಿದ ಮೇಲೆ ವಾಪಸ್. ಲೈಸೆನ್ಸ್ ಕೊಡುವವರು ಡಿಸಿ, ರದ್ದು ಮಾಡುವವರೂ ಡಿಸಿ. ಕೊಡವರಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದೂ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿಯೇ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು. ಅಂದರೆ ನಮ್ಮ ಕಡೆ ಕೋವಿ ಅನ್ನುವುದು ಸರ್ಕಾರ ಮನಸ್ಸು ಮಾಡಿ ಕೊಡುವ ಅನುಮತಿ.

ಇಲ್ಲಿ ಅದು ಹಕ್ಕು. ಈ ಒಂದು ವ್ಯತ್ಯಾಸ ತಲೆಗೆ ಹೋಗದಿದ್ದರೆ ಈ ದೇಶದ ಅರ್ಧ ರಾಜಕೀಯ ಅರ್ಥವಾಗುವುದಿಲ್ಲ. ನನಗೆ ಹೋಗುವುದಕ್ಕೆ ಏಳೆಂಟು ವರ್ಷ ಬೇಕಾಯಿತು. ಅನುಮತಿಯಾದರೆ ಆಫೀಸಿನವರ ಹತ್ತಿರ ಮಾತಾಡಬೇಕು. ಹಕ್ಕು ಅಂದ ಮೇಲೆ ಅದರ ಬೇಲಿ ಎಲ್ಲಿ ಹಾಕಬೇಕು ಅಂತ ಹೇಳುವವರು ಕೋರ್ಟಿನವರು. ಹಾಗಾಗಿ ಕೋರ್ಟಿನಲ್ಲಿ ಯಾರು ಕೂರುತ್ತಾರೆ ಅನ್ನುವುದಕ್ಕೇ ಇಲ್ಲಿ ಜಗಳ.

ಊರಿನಲ್ಲಿದ್ದಾಗ ನಾನು ಸುಪ್ರೀಂ ಕೋರ್ಟಿನ ಒಬ್ಬ ಜಡ್ಜ್ ಹೆಸರನ್ನೂ ಹೇಳುತ್ತಿರಲಿಲ್ಲ. ನೀವು ಹೇಳುತ್ತಿದ್ದಿರಾ? ಅಲ್ಲಿ ಕೊಲಿಜಿಯಂ ಹೆಸರು ಕಳಿಸುತ್ತದೆ, 65 ಆದರೆ ನಿವೃತ್ತಿ, ಒಬ್ಬರು ಹೋದರೆ ಇನ್ನೊಬ್ಬರು. ಇಲ್ಲಿರುವುದು ಒಂಬತ್ತೇ ಜನ, ನಿವೃತ್ತಿ ವಯಸ್ಸೇ ಇಲ್ಲ. ಬೇಕಾದರೆ ಸಾಯುವ ತನಕ ಕೂರಬಹುದು. ಅಧ್ಯಕ್ಷರು ಹೆಸರು ಕೊಡಬೇಕು, ಇಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರು. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಗೂ ಇಬ್ಬರೇ, ಆರು ಲಕ್ಷವೂ ತುಂಬದ ವಯೋಮಿಂಗ್‌ಗೂ ಇಬ್ಬರೇ. ಬೇಟೆ, ಹೊಲ, ಕಾಡು ಜಾಸ್ತಿ ಇರುವ ಸಣ್ಣ ರಾಜ್ಯಗಳಿಗೆ ಇದರಿಂದ ಎಷ್ಟು ಬಲ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಇಂಗ್ಲಿಷಿನಲ್ಲಿ ಬರೀ 27 ಪದ. ಮೊದಲರ್ಧ ರಾಜ್ಯ ಕಾಯುವ ಜನರ ಪಡೆಯ ಬಗ್ಗೆ ಮಾತಾಡುತ್ತದೆ, ಉಳಿದರ್ಧ ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿನ ಬಗ್ಗೆ. ಹಾಗಾದರೆ ಹಕ್ಕು ಪಡೆಗೋ, ಒಬ್ಬೊಬ್ಬ ಮನುಷ್ಯನಿಗೋ? ಇದು ಇತ್ಯರ್ಥವಾಗಿದ್ದು 2008ರಲ್ಲಿ, ಹೆಲ್ಲರ್ ಕೇಸಿನಲ್ಲಿ. ವಾಷಿಂಗ್ಟನ್‌ನಲ್ಲಿ ಮನೆಯೊಳಗೆ ಪಿಸ್ತೂಲು ಇಟ್ಟುಕೊಳ್ಳುವುದಕ್ಕೂ ನಿಷೇಧ ಇತ್ತು. ಆತ್ಮರಕ್ಷಣೆಗೆ ಮನೆಯಲ್ಲಿ ಇಟ್ಟುಕೊಳ್ಳುವುದು ಪ್ರತಿಯೊಬ್ಬನ ಹಕ್ಕು ಅಂತ ಜಸ್ಟಿಸ್ ಆಂಟೊನಿನ್ ಸ್ಕಾಲಿಯಾ ತೀರ್ಪು ಬರೆದರು. 5-4. ಎರಡು ವರ್ಷದ ನಂತರ ಶಿಕಾಗೋ ಕೇಸಿನಲ್ಲಿ ಇದು ಎಲ್ಲ ರಾಜ್ಯಗಳಿಗೂ ಅನ್ವಯ ಅಂದರು. ಅದೂ 5-4.

ಒಂದೇ ಒಂದು ವೋಟು ನೋಡಿ. ಆ ಐದರಲ್ಲಿ ಒಬ್ಬರಾದ ಸ್ಕಾಲಿಯಾ 2016ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೂ ನಮ್ಮ ಟೆಕ್ಸಸ್‌ನಲ್ಲೇ, ಶಿಕಾರಿಗೆ ಅಂತ ಒಂದು ರ‍್ಯಾಂಚಿಗೆ ಬಂದಿದ್ದಾಗ. ಆ ಜಾಗಕ್ಕೆ ಹೆಸರು ಓಡಾಡಿದ ಜಡ್ಜ್‌ಗಳಲ್ಲಿ ಶ್ರೀ ಶ್ರೀನಿವಾಸನ್ ಕೂಡ ಒಬ್ಬರು. ಚಂಡೀಗಢದಲ್ಲಿ ಹುಟ್ಟಿ ಕಾನ್ಸಾಸ್‌ನಲ್ಲಿ ಬೆಳೆದವರು, 2013ರಲ್ಲಿ ಸೆನೆಟ್ ಅವರನ್ನು 97-0 ಮತದಿಂದ ಮೇಲ್ಮನವಿ ಕೋರ್ಟಿಗೆ ಕಳಿಸಿತ್ತು. ದೇವಸ್ಥಾನದ ಊಟದ ಸಾಲಿನಲ್ಲಿ ಆ ಒಂದು ತಿಂಗಳು ಅದೇ ಮಾತು. ಕೊನೆಗೆ ಆಗಿನ ಅಧ್ಯಕ್ಷ, ಡೆಮಾಕ್ರಾಟ್ ಪಕ್ಷದ ಒಬಾಮಾ ಆರಿಸಿದ್ದು ಮೆರಿಕ್ ಗಾರ್ಲೆಂಡ್ ಅವರನ್ನು. ಅವರು ಹಿಂದೆ 2007ರಲ್ಲಿ, ಹೆಲ್ಲರ್ ಕೇಸು ಕೆಳಗಿನ ಕೋರ್ಟಿನಲ್ಲಿದ್ದಾಗ, ಮತ್ತೊಮ್ಮೆ ವಿಚಾರಣೆ ಆಗಲಿ ಅಂತ ವೋಟು ಹಾಕಿದ್ದರು. ತೀರ್ಪು ಹೇಳಿರಲಿಲ್ಲ, ಮತ್ತೊಮ್ಮೆ ಕೇಳೋಣ ಅಂದಿದ್ದರು ಅಷ್ಟೇ. ಗನ್ ಮಾಲೀಕರ ದೊಡ್ಡ ಸಂಘ ಎನ್‌ಆರ್‌ಎ ಅದನ್ನೇ ಹಿಡಿದು ಇವರು ಬೇಡ ಅಂದಿತು. ಸೆನೆಟ್‌ನಲ್ಲಿ ಬಹುಮತ ಇದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನೆಲ್ ವಿಚಾರಣೆಯನ್ನೇ ಇಡಲಿಲ್ಲ. ಚುನಾವಣೆ ವರ್ಷ, ಜನ ತೀರ್ಮಾನಿಸಲಿ ಅಂದರು. ಗಾರ್ಲೆಂಡ್ ಹೆಸರು 293 ದಿನ ಹಾಗೇ ಕೂತಿತ್ತು.

ಗ್ಯಾರೇಜಿನಲ್ಲಿ ರೈಫಲ್ ಒರೆಸುತ್ತಿದ್ದ ನಮ್ಮ ಪಕ್ಕದ ಮನೆಯವನು ಆ ವರ್ಷ ನನಗೆ ಹೇಳಿದ್ದು ನೆನಪಿದೆ. "ನನಗೆ ಟ್ರಂಪ್ ಅಂಥ ಇಷ್ಟವೇನಲ್ಲ. ನಾನು ವೋಟು ಹಾಕೋದು ಆ ಖಾಲಿ ಕುರ್ಚಿಗೆ." ನಾನು ಸುಮ್ನೆ ಹೂಂ ಅಂದೆ, ನಂಬಲಿಲ್ಲ. ಆದರೆ ಆ ಸಲದ ಮತಗಟ್ಟೆ ಸಮೀಕ್ಷೆಯಲ್ಲಿ ಐದರಲ್ಲಿ ಒಬ್ಬರು ಇದೇ ಮಾತು ಹೇಳಿದ್ದರು: ಸುಪ್ರೀಂ ಕೋರ್ಟಿನ ನೇಮಕವೇ ನಮಗೆ ಎಲ್ಲಕ್ಕಿಂತ ಮುಖ್ಯ. ಟ್ರಂಪ್ ಚುನಾವಣೆಗೆ ಮೊದಲೇ 21 ಹೆಸರು ಬರೆದು ಜನರ ಮುಂದೆ ಇಟ್ಟಿದ್ದರು. ಇಂಥವರಲ್ಲೇ ಆರಿಸುತ್ತೇನೆ ಅಂತ. ಹಾಗೆ ಬಂದವರು ನೀಲ್ ಗೋರ್ಸಚ್. ಆ ಹೊತ್ತಿಗೆ ಸೆನೆಟ್ ತನ್ನ ಹಳೇ ನಿಯಮವನ್ನೂ ಬದಲಿಸಿತು. ಮೊದಲು ಅಡ್ಡಿ ದಾಟಲು 60 ವೋಟು ಬೇಕಿತ್ತು, ಈಗ ಬರೀ ಬಹುಮತ ಸಾಕು. 2018ರಲ್ಲಿ ಬ್ರೆಟ್ ಕವನಾ 50-48ರಲ್ಲಿ ಗೆದ್ದರು. 2020ರ ಸೆಪ್ಟೆಂಬರ್‌ನಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು, ಚುನಾವಣೆಗೆ ಎಂಟೇ ದಿನ ಇರುವಾಗ ಏಮಿ ಕೋನಿ ಬ್ಯಾರೆಟ್ ಆ ಕುರ್ಚಿಗೆ ಬಂದರು. ಚುನಾವಣೆ ವರ್ಷದಲ್ಲಿ ಜನ ತೀರ್ಮಾನಿಸಲಿ ಅಂದಿದ್ದವರು ಆಗ ಎಲ್ಲಿ ಹೋಗಿದ್ದರೋ! ಇದೇ ಸ್ಕಾಲಿಯಾ 1986ರಲ್ಲಿ 98-0, ಗಿನ್ಸ್‌ಬರ್ಗ್ 1993ರಲ್ಲಿ 96-3. ಆ ಕಾಲ ಹೋಯಿತು. 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್‌ಗೆ ಸಿಕ್ಕಿದ್ದೂ 53-47.

ಇದೆಲ್ಲ ವಾಷಿಂಗ್ಟನ್ನಿನ ಸುದ್ದಿ, ನಮಗೇನು ಅಂತೀರಾ? 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಮರುದಿನ ನಮ್ಮ ಮಗಳನ್ನು ಶಾಲೆಗೆ ಬಿಟ್ಟು ನಾನೂ ಹೆಂಡತಿಯೂ ಕಾರಿನಲ್ಲೇ ಕೂತಿದ್ದೆವು, ಅರ್ಧ ಗಂಟೆ. ಸರಿಯಾಗಿ ಒಂದು ತಿಂಗಳಿಗೆ, ಜೂನ್ 23ಕ್ಕೆ, ಸುಪ್ರೀಂ ಕೋರ್ಟ್ ಬ್ರೂಯೆನ್ ಕೇಸಿನ ತೀರ್ಪು ಕೊಟ್ಟಿತು. ಹೊರಗೆ ಪಿಸ್ತೂಲು ಹೊತ್ತು ಓಡಾಡುವುದಕ್ಕೆ ತಕ್ಕ ಕಾರಣ ತೋರಿಸಬೇಕು ಅನ್ನುವ ನ್ಯೂಯಾರ್ಕಿನ ನೂರು ವರ್ಷ ಹಳೆಯ ಕಾನೂನು ಬಿದ್ದುಹೋಯಿತು. 6-3. ಟ್ರಂಪ್ ಆರಿಸಿದ ಮೂವರೂ ಆ ಆರರಲ್ಲಿದ್ದರು. ಅದಾಗಿ ಎರಡೇ ದಿನಕ್ಕೆ ಅಧ್ಯಕ್ಷ ಬೈಡನ್ ಗನ್ ಮಾರಾಟದ ತಪಾಸಣೆ ಬಿಗಿ ಮಾಡುವ ಹೊಸ ಕಾನೂನಿಗೆ ಸಹಿ ಹಾಕಿದರು. ಅದನ್ನು ಕೂಡಿಸಿ ತಂದವರಲ್ಲಿ ನಮ್ಮ ಟೆಕ್ಸಸ್‌ನ ರಿಪಬ್ಲಿಕನ್ ಸೆನೆಟರ್ ಜಾನ್ ಕಾರ್ನಿನ್ ಒಬ್ಬರು. ಪಾಪ, ಅದೇ ತಿಂಗಳು ಪಕ್ಷದ ಸಮಾವೇಶದಲ್ಲಿ ಅವರದೇ ಜನ ಅವರನ್ನು ಕೂಗಿ ಅಣಕಿಸಿದರು.

ಬ್ರೂಯೆನ್ ತೀರ್ಪಿನ ದೊಡ್ಡ ತಿರುವು ಇದು: ಗನ್ ಕಾನೂನು ಯಾವುದೇ ಇರಲಿ, ದೇಶದ ಹಳೇ ಪದ್ಧತಿಗೆ, ಇತಿಹಾಸಕ್ಕೆ ಅದು ಹೊಂದಬೇಕು. ಆಮೇಲೆ ಕೆಳಗಿನ ಕೋರ್ಟುಗಳೆಲ್ಲ ಹದಿನೆಂಟನೇ ಶತಮಾನದ ಕಾನೂನು ಪುಸ್ತಕ ಹುಡುಕಿಕೊಂಡು ಕೂತವು. ನಮ್ಮ ಪಕ್ಕದ ಆರ್ಲಿಂಗ್‌ಟನ್‌ನಲ್ಲಿ ರಹಿಮಿ ಅನ್ನುವವನು ತನ್ನ ಗೆಳತಿಗೆ ಹೊಡೆದು ಬೆದರಿಸಿದ್ದ. ಅವಳ ಹತ್ತಿರ ಸುಳಿಯಬಾರದು ಅಂತ ಕೋರ್ಟ್ ಆದೇಶ ಇತ್ತು. ಅಂಥವನ ಕೈಯಿಂದ ಗನ್ ಕಿತ್ತುಕೊಳ್ಳುವ ಕಾನೂನು ಹಳೇ ಇತಿಹಾಸದಲ್ಲಿಲ್ಲ ಅಂತ ಮೇಲ್ಮನವಿ ಕೋರ್ಟ್ 2023ರಲ್ಲಿ ಹೇಳಿಬಿಟ್ಟಿತು. 2024ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಅದನ್ನು ತಳ್ಳಿಹಾಕಿದಾಗ ನಾನಂತೂ ಉಸಿರು ಬಿಟ್ಟೆ. ಅದಕ್ಕೆ ಒಂದು ವಾರ ಮೊದಲು ಅದೇ ಕೋರ್ಟ್, ರೈಫಲನ್ನು ಮಷಿನ್ ಗನ್ನಿನಷ್ಟು ವೇಗವಾಗಿ ಹಾರಿಸುವಂತೆ ಮಾಡುವ ಬಂಪ್ ಸ್ಟಾಕ್‌ನ ನಿಷೇಧವನ್ನು ತೆಗೆದುಹಾಕಿತ್ತು. ಹಾಗಾಗಿ ಈ ಕೋರ್ಟ್ ಯಾವಾಗಲೂ ಒಂದೇ ಕಡೆ ವಾಲುತ್ತದೆ ಅಂತ ಕಣ್ಣುಮುಚ್ಚಿ ಹೇಳಬೇಡಿ. ಮೆಲ್ಲಗೆ ಓದಿ.

ಈಗ ನಿಮ್ಮ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಎಚ್-1ಬಿ, ಎಲ್-1, ಎಫ್-1, ಎಚ್-4, ಕೊನೆಗೆ ಅಪ್ಪ ಅಮ್ಮ ಬರುವ ಬಿ-2, ಯಾವುದೇ ಇರಲಿ, ಇಂಥ ವೀಸಾದಲ್ಲಿ ಬಂದವರು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. 15 ವರ್ಷದ ತನಕ ಜೈಲಾಗಬಹುದು. "ಟೆಕ್ಸಸ್‌ನಲ್ಲಿ ಲೈಸೆನ್ಸೇ ಬೇಡ್ವಂತೆ" ಅಂತ ಆಫೀಸಿನಲ್ಲಿ ಯಾರಾದರೂ ಹೇಳುತ್ತಾರೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಹೊತ್ತುಕೊಂಡು ಓಡಾಡಬಹುದು, ಹೌದು. ಅದು ಗನ್ ಇಟ್ಟುಕೊಳ್ಳುವ ಅರ್ಹತೆ ಇದ್ದವರಿಗೆ. ನಿಮಗಲ್ಲ. ಬೇಟೆಯ ಲೈಸೆನ್ಸ್ ತೆಗೆದುಕೊಂಡವರಿಗೆ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಆದರೆ ಅದನ್ನು ನಂಬಿ ಅಂಗಡಿಗೆ ಹೋಗುವ ಮೊದಲು ಇಮಿಗ್ರೇಷನ್ ವಕೀಲರ ಫೀಸು ಕೊಟ್ಟು ಕೇಳಿ. ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಬೇಡಿ.

ಎಡವಟ್ಟಾಗುವುದು ಎಲ್ಲಿ ಗೊತ್ತಾ? ಟೀಮ್ ಔಟಿಂಗ್‌ನಲ್ಲಿ. ಮ್ಯಾನೇಜರ್ ಎಲ್ಲರನ್ನೂ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುತ್ತಾನೆ, ಕೌಂಟರಿನಲ್ಲಿ ಒಂದು ಸಹಿ ಹಾಕಿಸಿ ಪಿಸ್ತೂಲು ಕೈಗೆ ಕೊಡುತ್ತಾರೆ. ಹತ್ತು ನಿಮಿಷ ಬಾಡಿಗೆಗೆ ಹಿಡಿದರೂ ನಿಮ್ಮ ಕೈಯಲ್ಲಿ ಇದ್ದಂತೆಯೇ. ನಮ್ಮ ಪರಿಚಯದ ಹುಡುಗನೊಬ್ಬ ಅಲ್ಲಿ ತೆಗೆದ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕಿ, ಆಮೇಲೆ ಯಾರೋ ಹೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ. ಏನೂ ಆಗಲಿಲ್ಲ. ಆದರೂ ಗ್ರೀನ್ ಕಾರ್ಡ್ ಬರುವ ತನಕ ಆ ಹೆದರಿಕೆ ಅವನಿಗೆ ಹೋಗಲಿಲ್ಲ. "ನನಗೆ ಅಭ್ಯಾಸ ಇಲ್ಲ, ನಾನು ಪಿಜ್ಜಾ ಕಾಯ್ತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಐ-485 ಅರ್ಜಿ ಹಾಕಿದ್ದೀರಿ ಅಂದರೆ ಗ್ರೀನ್ ಕಾರ್ಡ್ ಬಂದಂತಲ್ಲ. ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ವೀಸಾ ಸ್ಥಿತಿಯನ್ನು ಅದರಲ್ಲಿ ಕೇಳುತ್ತಾರೆ, ಎಫ್‌ಬಿಐ ತಪಾಸಣೆ ಆಗುತ್ತದೆ. ಗಾಂಜಾ ಬಗ್ಗೆಯೂ ಕೇಳುತ್ತಾರೆ, ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಆಗಿದ್ದರೂ. ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಹೆಂಡತಿಗೆ ಗ್ರೀನ್ ಕಾರ್ಡ್ ಬಂದು ಗಂಡ ಇನ್ನೂ ಎಚ್-1ಬಿಯಲ್ಲಿದ್ದರೆ, ಮನೆಯ ಬೀರುವಿನಲ್ಲಿ ಇಬ್ಬರ ಕೈಗೂ ಸಿಗುವ ಗನ್ ಗಂಡನಿಗೂ ತೊಂದರೆ ತರಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ಗನ್ನಿನ ಅಪರಾಧ ಸಾಬೀತಾದರೆ ಗಡೀಪಾರು ಆಗಬಹುದು. ನನ್ನನ್ನು ಕೇಳಿದರೆ ಸಿಟಿಜನ್ ಆಗುವ ತನಕ ಈ ಆಸೆಯೇ ಬೇಡ. ಆದಮೇಲೂ ನಾನು ಕೊಂಡಿಲ್ಲ. ನಮ್ಮ ಗೆಳೆಯರಲ್ಲಿ ಕೊಂಡವರಿದ್ದಾರೆ. ಅದು ಅವರವರ ಲೆಕ್ಕ.

ರಾಜಕೀಯಕ್ಕೂ ಇದೇ ಎಚ್ಚರ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ಪಟ್ಟಿಗೆ ಸೇರಿಸಲಾ ಅಂತ ಕೇಳುತ್ತಾರೆ. ಸಿಟಿಜನ್ ಅಲ್ಲದವರು ಬೇಡ ಅನ್ನಬೇಕು. ತಿಳಿಯದೆ ಹೂಂ ಅಂದವರಿಗೆ ವರ್ಷಗಳ ನಂತರ ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಅದು ಎದುರಾಗಬಹುದು. ಸೆನೆಟ್ ಅಭ್ಯರ್ಥಿಯ ಕಡೆಯವರು ದುಡ್ಡು ಕೇಳಿ ಮೆಸೇಜ್ ಮಾಡುತ್ತಾರೆ. ಎಚ್-1ಬಿಯವರು ಒಂದು ಡಾಲರೂ ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಮುಂದೆ ಸಿಟಿಜನ್ ಆದರೆ, ಅಧ್ಯಕ್ಷರ ಚುನಾವಣೆ ಒಂದನ್ನೇ ನೋಡದೆ ಸೆನೆಟರ್ ಚುನಾವಣೆಗೂ ಸಾಲಿನಲ್ಲಿ ನಿಲ್ಲಿ. ಟೆಕ್ಸಸ್‌ನಲ್ಲಿ ಅದರ ಅಸಲಿ ಜಗಳ ಮಾರ್ಚ್‌ನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲೇ ಶುರು.

ಆಫೀಸಿನಲ್ಲಿ ಈ ವಿಷಯ ಬಂದರೆ ವಾದಕ್ಕೆ ಇಳಿಯಬೇಡಿ. ಕೇಳಿ ಸುಮ್ಮನಿರಿ. ಅವರಿಗೆ ಅದು ಅಜ್ಜನ ಕಾಲದ ಆಸ್ತಿ ಇದ್ದ ಹಾಗೆ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಕೊಡವರಿಗೆ ಇರುವ ಹಾಗೆ. ಅದನ್ನು ಮೂರ್ಖತನ ಅಂದರೆ ಸ್ನೇಹ ಕೆಡುತ್ತದೆ.

ಇನ್ನು ದಿನದಿನದ ಸಂಗತಿ. ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಊರಿನಲ್ಲಿ ಮಾಡುವಂತೆ ಇಳಿದು ಅವರ ಕಡೆ ನಡೆಯಬೇಡಿ. ಇನ್ಶೂರೆನ್ಸ್ ಕಾಗದ ತೆಗೆಯುವ ಮೊದಲು ಹೇಳಿ ತೆಗೆಯಿರಿ. ಅಂಗಡಿ, ದೇವಸ್ಥಾನದ ಬಾಗಿಲಲ್ಲಿ 30.06, 30.07 ಅಂತ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದೊಡ್ಡ ಅಕ್ಷರದ ಬೋರ್ಡ್ ಕಂಡರೆ, ಒಳಗೆ ಗನ್ ತರಬಾರದು ಅಂತ ಅರ್ಥ. ರಾಜ್ಯೋತ್ಸವಕ್ಕೆ ಹಾಲ್ ಗೊತ್ತು ಮಾಡುವವರು ಅದನ್ನೂ ನೋಡಿಕೊಳ್ಳಿ. ಮಕ್ಕಳ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇರುತ್ತದೆ, ಕತ್ತಲೆಯಲ್ಲಿ ಮೂಲೆಗೆ ಕೂತು ಸದ್ದು ಮಾಡದೆ ಇರುವುದನ್ನು ಕಲಿಸುತ್ತಾರೆ. ಮನೆಗೆ ಬಂದು ಮಗು ಅದನ್ನು ಆಟದ ಹಾಗೆ ಹೇಳಿದರೆ ಬೆಚ್ಚಬೇಡಿ. ನಾವು ಬೆಚ್ಚಿದ್ದೆವು.

ಮಗುವನ್ನು ಗೆಳೆಯರ ಮನೆಗೆ ಆಟಕ್ಕೆ ಕಳಿಸುವ ಮೊದಲು "ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ?" ಅಂತ ಕೇಳಿ. ಇಲ್ಲಿ ಮಕ್ಕಳ ಡಾಕ್ಟರೇ ಹಾಗೆ ಕೇಳಿ ಅನ್ನುತ್ತಾರೆ. ಮೊದಲ ಸಲ ಕೇಳುವಾಗ ನನಗೆ ನಾಲಿಗೆ ಏಳಲಿಲ್ಲ. ಕಡಲೆಕಾಯಿ ಅಲರ್ಜಿ, ನಾಯಿ ಇದೆಯಾ ಅಂತೆಲ್ಲ ಕೇಳಿ, ಅದರ ಹಿಂದೆ ಇದನ್ನೂ ಸೇರಿಸಿದೆ. ಪಕ್ಕದ ಮನೆಯವನು ನಕ್ಕ. ಗ್ಯಾರೇಜಿಗೆ ಕರೆದುಕೊಂಡು ಹೋಗಿ ಉಕ್ಕಿನ ಪೆಟ್ಟಿಗೆ ತೋರಿಸಿದ, ಹಿಡಿಕೆ ಎಳೆದು ಬೀಗ ಬಿದ್ದಿದೆ ಅಂತ ಖಾತ್ರಿ ಮಾಡಿಸಿದ. ಗುಂಡಿನ ಡಬ್ಬಿ ಬೇರೆ ಕಪಾಟಿನಲ್ಲಿತ್ತು.