ಹಳೆಯ ಫ್ಲಿಪ್ ಕ್ಯಾಮೆರಾ ಫೋನಿನಿಂದ ಚಿತ್ರಗಳನ್ನು ಹೊರತೆಗೆದು, ಅದನ್ನು ಮತ್ತೆ ಬಳಸುವ ಕ್ರಮ

ಮಡಚುವ ಫೋನುಗಳಿಗೆ ಕ್ಯಾಮೆರಾ ಸೇರಿಕೊಂಡ ಮೊದಲ ಕೆಲವು ವರ್ಷಗಳಲ್ಲಿ ತೆಗೆದ ಎಷ್ಟೋ ಚಿತ್ರಗಳು ಆ ಫೋನುಗಳಿಂದ ಹೊರಗೆ ಬರಲೇ ಇಲ್ಲ. ಚಿತ್ರ ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅದನ್ನು ಕಂಪ್ಯೂಟರಿಗೆ ತರಲು ಮಾತ್ರ ಆಯಾ ಕಂಪನಿಯದೇ ಕೇಬಲ್, ಅದರ ಜೊತೆಗೊಂದು ಸಿ.ಡಿ., ಇಲ್ಲವೇ ಪ್ರತಿ ಸಲವೂ ಹಣ ತೆರಬೇಕಾದ ಎಂಎಂಎಸ್ (ಚಿತ್ರ ಕಳುಹಿಸುವ ಸಂದೇಶ) ಬೇಕಾಗುತ್ತಿತ್ತು. ಈಗ ಅಂಥ ಫೋನನ್ನು ಕಪಾಟಿನಿಂದ ಹೊರತೆಗೆಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಉದ್ದೇಶಗಳಿರುತ್ತವೆ: ಒಳಗಿರುವ ಚಿತ್ರಗಳನ್ನು ಉಳಿಸಿಕೊಳ್ಳುವುದು, ಮತ್ತು ಫೋನನ್ನೇ ಮತ್ತೆ ಬಳಕೆಗೆ ತರುವುದು. ಎರಡೂ ಸಾಧ್ಯ. ಆದರೆ ಮೊದಲನೆಯದು ಮುಗಿಯುವ ತನಕ ಎರಡನೆಯದಕ್ಕೆ ಕೈ ಹಾಕಬಾರದು. ಹಳೆಯ ಬ್ಯಾಟರಿ, ಸವೆದ ಕೀಲು, ಮರೆತುಹೋದ ಗುಪ್ತಸಂಖ್ಯೆ, ಇವುಗಳಲ್ಲಿ ಯಾವುದು ಯಾವಾಗ ಕೈಕೊಡುತ್ತದೆಂದು ಹೇಳಲಾಗದ ಕಾರಣ, ಫೋನು ಆನ್ ಆದ ಮೊದಲ ಸಲವೇ ಚಿತ್ರಗಳನ್ನು ಹೊರತೆಗೆದುಬಿಡುವುದು ಕ್ಷೇಮ.

ಆನ್ ಮಾಡುವ ಮುನ್ನ

ಚಾರ್ಜರ್ ಹುಡುಕುವುದಕ್ಕೂ ಮೊದಲು ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ಮುಚ್ಚಳ ಉಬ್ಬಿ ನಿಂತಿದ್ದರೆ, ಅಥವಾ ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದಾಗ ಬ್ಯಾಟರಿ ಬುಗುರಿಯಂತೆ ಸಲೀಸಾಗಿ ಸುತ್ತಿದರೆ, ಒಳಗೆ ಅನಿಲ ತುಂಬಿ ಅದು ಊದಿದೆ ಎಂದು ತಿಳಿಯಬೇಕು. ಊದಿದ ಲಿಥಿಯಂ ಬ್ಯಾಟರಿಯನ್ನು ಒಂದೇ ಒಂದು ಸಲವೂ ಚಾರ್ಜ್ ಮಾಡಬಾರದು, ಚುಚ್ಚಬಾರದು, ಮನೆಯ ಕಸದ ಬುಟ್ಟಿಗೂ ಹಾಕಬಾರದು. ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಬೇಕು.

ಬ್ಯಾಟರಿ ಊದಿಲ್ಲವಾದರೂ ವರ್ಷಗಟ್ಟಲೆ ಬರಿದಾಗಿ ಬಿದ್ದಿದ್ದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕವನ್ನು ಕಡಿದಿರಬಹುದು. ಆಗ ಚಾರ್ಜರ್ ಹಾಕಿದ ಮೇಲೂ ಪರದೆ ಬಹಳ ಹೊತ್ತು ಕಪ್ಪಗೇ ಇರುತ್ತದೆ. ಬೆಂಕಿ ಹಿಡಿಯದ ಜಾಗದಲ್ಲಿಟ್ಟು, ಕಣ್ಣಳತೆಯಲ್ಲಿಯೇ ಅರ್ಧ ಗಂಟೆ ಕಾದು, ಬಿಸಿಯಾಗುತ್ತಿದೆಯೇ ಎಂದು ಆಗಾಗ ಮುಟ್ಟಿ ನೋಡಿ. ರಾತ್ರಿಯಿಡೀ ಬಿಡುವುದು ಬೇಡ. ಜೀವ ಬಾರದಿದ್ದರೆ ಬೇರೆ ಬ್ಯಾಟರಿಯೇ ದಾರಿ. ಹೊಸದನ್ನು ಕೊಳ್ಳುವಾಗ ಫೋನಿನ ಹೆಸರಿಗಿಂತ ಬ್ಯಾಟರಿಯ ಮೇಲೆ ಅಚ್ಚಾಗಿರುವ ಸಂಖ್ಯೆಯೇ ಮುಖ್ಯ: ಮೊಟೊರೊಲಾ ರೇಜರ್ ವಿ3ಗೆ ಬಿಆರ್50, ನೋಕಿಯಾ 6131ಕ್ಕೆ ಬಿಎಲ್-4ಸಿ, ಹೀಗೆ. ಆ ಕಾಲದಲ್ಲೇ ತಯಾರಾಗಿ ಇದುವರೆಗೂ ಪೊಟ್ಟಣ ಒಡೆಯದೆ ಉಳಿದ ‘ಅಸಲಿ’ ಬ್ಯಾಟರಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ; ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುದಿಯಾಗುತ್ತದೆ.

ಮಿನಿ-ಯುಎಸ್‌ಬಿ ಕಿಂಡಿಯಿರುವ ಕೆಲವು ಫೋನುಗಳು, ಸರಿಯಾದ ಡ್ರೈವರ್ (ಫೋನನ್ನು ಗುರುತಿಸಲು ಬೇಕಾದ ತಂತ್ರಾಂಶ) ಇಲ್ಲದ ಕಂಪ್ಯೂಟರಿಗೆ ಜೋಡಿಸಿದಾಗ ಚಾರ್ಜ್ ಆಗಲು ಒಪ್ಪುವುದಿಲ್ಲ. ಇದು ಫೋನು ಕೆಟ್ಟಿರುವುದರ ಲಕ್ಷಣವಲ್ಲ. ಗೋಡೆಯ ಚಾರ್ಜರಿಗೆ ಹಾಕಿ ನೋಡಿ.

ಕೆಲವು ಮಾದರಿಗಳು ಸಿಮ್ ಇಲ್ಲದೆ ಮೆನುವನ್ನೇ ತೋರಿಸುವುದಿಲ್ಲ. ಚಿತ್ರಗಳನ್ನು ನೋಡುವಷ್ಟಕ್ಕೆ, ಸೇವೆ ನಿಂತುಹೋದ ಹಳೆಯ ಸಿಮ್ ಆದರೂ ಬಹಳಷ್ಟು ಸಲ ಸಾಕಾಗುತ್ತದೆ. ಇಂದಿನ ನ್ಯಾನೋ ಸಿಮ್ಮನ್ನು 25 ಮಿ.ಮೀ. ಉದ್ದ, 15 ಮಿ.ಮೀ. ಅಗಲದ ಚೌಕಟ್ಟಿನಲ್ಲಿ ಕೂರಿಸಿ ಹಾಕುವುದಾದರೆ, ಎರಡೂ ಅಲುಗದಂತೆ ಹಿಂಬದಿಗೆ ತೆಳುವಾದ ಟೇಪ್ ಅಂಟಿಸಿ. ಬರಿಯ ಚೌಕಟ್ಟು ಒಳಗಿನ ಸಂಪರ್ಕದ ಹಲ್ಲುಗಳಿಗೆ ಸಿಕ್ಕಿಕೊಂಡು, ಎಳೆದಾಗ ಅವು ಮುರಿಯುವುದುಂಟು.

ಫೋನು ಗುಪ್ತಸಂಖ್ಯೆ ಕೇಳಿದರೆ ಕಂಪನಿ ಮೊದಲೇ ಇಟ್ಟಿದ್ದ ಸಂಖ್ಯೆಯನ್ನು ಪ್ರಯತ್ನಿಸಬಹುದು. ನೋಕಿಯಾದಲ್ಲಿ ಅದು 12345. ಮೊಟೊರೊಲಾದಲ್ಲಿ ಬೀಗ ತೆರೆಯಲು 1234, ಭದ್ರತಾ ಸಂಖ್ಯೆಯಾಗಿ 000000. ಸಿಮ್‌ನ ಪಿನ್ ಬೇರೆಯೇ ವಿಷಯ: ಮೂರು ಸಲ ತಪ್ಪಿದರೆ ಅದಕ್ಕೆ ಬೀಗ ಬಿದ್ದು, ಅದನ್ನು ತೆರೆಯಲು ಸಿಮ್ ಕೊಟ್ಟ ಕಂಪನಿಯ ಪಿಯುಕೆ ಸಂಖ್ಯೆ ಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವಿರುವುದು ಸೆಟ್ಟಿಂಗ್‌ಗಳೊಳಗೆ. ಮೊಟೊರೊಲಾ ಫೋನುಗಳಲ್ಲಿ ‘ಮಾಸ್ಟರ್ ರೀಸೆಟ್’ ಎಂಬುದು ಸೆಟ್ಟಿಂಗ್‌ಗಳನ್ನಷ್ಟೇ ಮೊದಲಿನ ಸ್ಥಿತಿಗೆ ತರುತ್ತದೆ. ಅದರ ಪಕ್ಕದಲ್ಲೇ ಕುಳಿತಿರುವ ‘ಮಾಸ್ಟರ್ ಕ್ಲಿಯರ್’ ನೀವು ಸೇರಿಸಿದ ಎಲ್ಲವನ್ನೂ ಅಳಿಸುತ್ತದೆ. ಚಿತ್ರಗಳು ಹೊರಗೆ ಬರುವವರೆಗೆ ಎರಡರ ಹತ್ತಿರಕ್ಕೂ ಹೋಗದಿರುವುದು ಲೇಸು.

ಕೀಲಿನ ಗುಣ

ಕೆಳಭಾಗದಲ್ಲಿರುವ ಮುಖ್ಯ ಬೋರ್ಡಿನಿಂದ ಮೇಲಿನ ಪರದೆಗೆ ಸಂಕೇತಗಳೆಲ್ಲ ಹೋಗುವುದು ಕೀಲಿನೊಳಗೆ ಸುತ್ತಿಕೊಂಡಿರುವ ತೆಳುವಾದ ಪಟ್ಟಿ ಕೇಬಲಿನ ಮೂಲಕ. ಸಾವಿರಾರು ಸಲ ತೆರೆದು ಮುಚ್ಚಿದ ಮೇಲೆ ಅದರ ತಾಮ್ರದ ಗೆರೆಗಳು ಬಿರುಕು ಬಿಡುತ್ತವೆ. ಪರದೆ ಬೆಳ್ಳಗಾಗುವುದು, ಗೆರೆಗೆರೆಯಾಗುವುದು, ಒಂದು ಕೋನದಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವುದು, ಕರೆಯಲ್ಲಿ ಆ ಕಡೆಯ ದನಿ ಕೇಳದಿರುವುದು, ಇವೆಲ್ಲ ಇದೇ ದೋಷದ ಮುಖಗಳು. ಇಂಥ ಫೋನನ್ನು ‘ಮತ್ತೊಮ್ಮೆ ನೋಡೋಣ’ ಎಂದು ತೆರೆದು ಮುಚ್ಚಿದಷ್ಟೂ ಬಿರುಕು ಬೆಳೆಯುತ್ತದೆ. ಆದ್ದರಿಂದ ಪರದೆ ಸ್ಪಷ್ಟವಾಗಿ ಕಾಣುವ ಕೋನವನ್ನು ನಿಧಾನವಾಗಿ ಹುಡುಕಿ, ಮುಚ್ಚಳದ ಹಿಂದೆ ಪುಸ್ತಕವೊಂದನ್ನು ಆನಿಸಿ, ಅದೇ ಕೋನದಲ್ಲಿ ನಿಲ್ಲಿಸಿಕೊಂಡು ಕೆಲಸ ಮುಗಿಸಿ. ಪಟ್ಟಿ ಕೇಬಲನ್ನು ಬದಲಿಸಬಹುದು. ಅದು ಫೋನನ್ನು ಪೂರ್ತಿ ಬಿಚ್ಚಬೇಕಾದ ನಾಜೂಕಿನ ಕೆಲಸವಾದ್ದರಿಂದ ಕೈ ಪಳಗಿದವರಿಗೆ ಬಿಡುವುದು ಒಳ್ಳೆಯದು.

ಚಿತ್ರಗಳನ್ನು ಹೊರತೆಗೆಯುವುದು

ಮೊದಲು ನೋಡಬೇಕಾದದ್ದು ಮೆಮೊರಿ ಕಾರ್ಡಿನ ಕಿಂಡಿ. ಅದು ಪಕ್ಕದಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಇರಬಹುದು, ಬ್ಯಾಟರಿಯ ಅಡಿಯಲ್ಲೂ ಇರಬಹುದು. ಕಿಂಡಿಯಿದ್ದರೆ ಅರ್ಧ ಕೆಲಸ ಮುಗಿದಂತೆಯೇ: ಫೋನಿನ ಒಳಗಿನ ಚಿತ್ರಗಳನ್ನು ಕಾರ್ಡಿಗೆ ನಕಲು ಮಾಡಿ, ಕಾರ್ಡನ್ನು ರೀಡರಿನ ಮೂಲಕ ಕಂಪ್ಯೂಟರಿನಲ್ಲಿ ತೆರೆದರಾಯಿತು. ‘ಮೂವ್’ ಎಂಬ ಆಯ್ಕೆಗಿಂತ ‘ಕಾಪಿ’ ಎಂಬುದನ್ನೇ ಆರಿಸಿ. ನಡುವೆ ಬ್ಯಾಟರಿ ಸತ್ತರೆ ಮೂಲವಾದರೂ ಉಳಿಯುತ್ತದೆ. ಹೊಸ ಕಾರ್ಡ್ ಹಾಕುವುದಾದರೆ 2 ಜಿಬಿ ಅಥವಾ ಅದಕ್ಕಿಂತ ಚಿಕ್ಕದಿರಲಿ. ಅದಕ್ಕಿಂತ ದೊಡ್ಡ ಕಾರ್ಡುಗಳು ಅನುಸರಿಸುವ ಎಸ್‌ಡಿಎಚ್‌ಸಿ ಮಾನದಂಡ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಫೋನುಗಳು ಅಂಥ ಕಾರ್ಡನ್ನು ಗುರುತಿಸುವುದೇ ಇಲ್ಲ. ಫೋನು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದಾಗ ಹೌದೆನ್ನಬೇಕಾದದ್ದು ಖಾಲಿ ಕಾರ್ಡಿಗೆ ಮಾತ್ರ.

ಕಾರ್ಡಿಗೆ ಜಾಗವೇ ಇಲ್ಲದ ಫೋನುಗಳೂ ಬೇಕಾದಷ್ಟಿವೆ. 2004ರಲ್ಲಿ ಬಂದು, ತನ್ನ ಕಾಲದ ಅತಿ ಹೆಚ್ಚು ಮಾರಾಟವಾದ ಫೋನುಗಳಲ್ಲಿ ಒಂದೆನಿಸಿದ ರೇಜರ್ ವಿ3ಯಲ್ಲಿ ಇದ್ದದ್ದು ಸುಮಾರು 5.5 ಎಂಬಿ ಒಳಜಾಗವಷ್ಟೇ. ಇಂಥವುಗಳಿಗೆ ಬ್ಲೂಟೂತ್ ಅತ್ಯಂತ ಸುಲಭದ ದಾರಿ. ಜೋಡಿಸುವಾಗ ಎರಡೂ ಕಡೆ ಒಂದೇ ಸಂಖ್ಯೆ ಹಾಕಬೇಕು. 0000 ಅಥವಾ 1234 ಸಾಮಾನ್ಯವಾಗಿ ನಡೆಯುತ್ತದೆ. ಆಂಡ್ರಾಯ್ಡ್ ಫೋನುಗಳು ಹೀಗೆ ಬರುವ ಕಡತಗಳನ್ನು ತೆಗೆದುಕೊಳ್ಳುತ್ತವೆ. ಐಫೋನು ತೆಗೆದುಕೊಳ್ಳುವುದಿಲ್ಲ, ಅದರೊಡನೆ ಹೆಣಗಾಡಿ ಫಲವಿಲ್ಲ. ವಿಂಡೋಸ್ ಕಂಪ್ಯೂಟರಾದರೆ, ಫೋನಿನಿಂದ ಕಳುಹಿಸುವುದಕ್ಕೆ ಮೊದಲೇ ಬ್ಲೂಟೂತ್ ಮೂಲಕ ಕಡತ ಸ್ವೀಕರಿಸುವ ಕಿಟಕಿಯನ್ನು ತೆರೆದು ಕಾಯುತ್ತಿರಬೇಕು. ಇಲ್ಲದಿದ್ದರೆ ಫೋನು ಕಾರಣ ಹೇಳದೆ ‘ವಿಫಲ’ ಎಂದುಬಿಡುತ್ತದೆ. ಅನೇಕ ಮಾದರಿಗಳಲ್ಲಿ ಚಿತ್ರಗಳನ್ನು ಒಂದೊಂದಾಗಿಯೇ ಕಳುಹಿಸಬೇಕಾದ್ದರಿಂದ ಬೇಸರ ಹಿಡಿಯುವುದು ಖಂಡಿತ. ಆದ್ದರಿಂದ ಮನುಷ್ಯರಿರುವ ಚಿತ್ರಗಳನ್ನು ಮೊದಲು ಕಳುಹಿಸಿ. ಮೋಡ, ಹೂವು, ಬೆಕ್ಕುಗಳ ಸರದಿ ಆಮೇಲೆ ಬಂದರೂ ನಡೆದೀತು.

ಬ್ಲೂಟೂತ್ ಕೂಡ ಇಲ್ಲದಿದ್ದರೆ ಉಳಿದದ್ದು ಕೇಬಲ್ ಮತ್ತು ಇನ್‌ಫ್ರಾರೆಡ್. ಇನ್‌ಫ್ರಾರೆಡ್‌ಗೆ ಎರಡು ಸಾಧನಗಳ ಕಪ್ಪು ಕಿಟಕಿಗಳು ಒಂದು ಮೀಟರಿನೊಳಗೆ ಎದುರುಬದುರಾಗಿರಬೇಕು. ಇಂದಿನ ಕಂಪ್ಯೂಟರುಗಳಲ್ಲಿ ಆ ಕಿಟಕಿಯೇ ಇಲ್ಲ. ಕೇಬಲಿಗೆ ಬೇಕಾದ ಡ್ರೈವರುಗಳು ಹೊಸ ವಿಂಡೋಸ್‌ನಲ್ಲಿ ಕೈಕೊಡುವುದು ಹೆಚ್ಚು; ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಸಿಕ್ಕರೆ ಅದರಲ್ಲಿ ಪ್ರಯತ್ನಿಸಿ. ಎಲ್‌ಜಿ, ಸ್ಯಾಮ್‌ಸಂಗ್, ಸ್ಯಾನ್ಯೋ ಕಂಪನಿಗಳ ಅನೇಕ ಸಿಡಿಎಂಎ (ಬೇರೊಂದು ಬಗೆಯ ಮೊಬೈಲ್ ಜಾಲ) ಫೋನುಗಳಿಗೆ ಬಿಟ್‌ಪಿಮ್ ಎಂಬ ಮುಕ್ತ ತಂತ್ರಾಂಶ ಉಪಯೋಗಕ್ಕೆ ಬರುತ್ತದೆ. ಯಾವ ದಾರಿಯೂ ತೆರೆಯದಿದ್ದರೆ, ಕತ್ತಲ ಕೋಣೆಯಲ್ಲಿ ಫೋನಿನ ಪರದೆಯ ಮೇಲೆ ಚಿತ್ರವನ್ನು ಮೂಡಿಸಿ ಮತ್ತೊಂದು ಕ್ಯಾಮೆರಾದಿಂದ ಅದರ ಚಿತ್ರ ತೆಗೆಯಿರಿ. ಗುಣಮಟ್ಟ ತಗ್ಗುತ್ತದೆ, ನಿಜ. ಏನೂ ಇಲ್ಲದ್ದಕ್ಕಿಂತ ವಾಸಿ.

ಬಹಳ ಮಂದಿ ಮರೆಯುವ ಸಂಗತಿಯೊಂದಿದೆ: ದಿನಾಂಕ. ಆ ಕಾಲದ ಅನೇಕ ಫೋನುಗಳು ಚಿತ್ರ ತೆಗೆದ ದಿನವನ್ನು ಜೆಪೆಗ್ ಕಡತದೊಳಗೆ ಬರೆಯದೆ, ತಮ್ಮ ಪಟ್ಟಿಯಲ್ಲಷ್ಟೇ ಇಟ್ಟುಕೊಳ್ಳುತ್ತವೆ. ಅಂಥ ಚಿತ್ರವನ್ನು ಬ್ಲೂಟೂತ್‌ನಲ್ಲಿ ಕಳುಹಿಸಿದರೆ ಹೊಸ ಕಂಪ್ಯೂಟರ್ ಅದಕ್ಕೆ ಇಂದಿನ ತಾರೀಖನ್ನೇ ಅಂಟಿಸುತ್ತದೆ. ಆದ್ದರಿಂದ ಕಳುಹಿಸುವ ಮುನ್ನ ಪ್ರತಿ ಚಿತ್ರದ ‘ವಿವರ’ ತೆರೆದು ದಿನಾಂಕವನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಕಡತದ ಹೆಸರಿಗೆ ಅದನ್ನು ಸೇರಿಸಿ. ಬ್ಯಾಟರಿ ಕಳಚಿದಾಗಲೆಲ್ಲ ಗಡಿಯಾರ ಮೊದಲಿಗೆ ಹೋಗುವ ಫೋನುಗಳೂ ಇದ್ದುದರಿಂದ, ಸಾಲುಸಾಲಾಗಿ ಜನವರಿ 1ನ್ನೇ ತೋರಿಸುವ ಚಿತ್ರಗಳನ್ನು ನಂಬಬೇಡಿ. ಫೋನು ಕೊಟ್ಟ ಕ್ರಮಸಂಖ್ಯೆ ಅಲ್ಲಿ ಹೆಚ್ಚು ಭರವಸೆಯ ಸಾಕ್ಷಿ.

ವಿಡಿಯೋಗಳು ಸಾಮಾನ್ಯವಾಗಿ 3ಜಿಪಿ ರೂಪದಲ್ಲಿ, ಹಲವು ಸಲ 176×144 ಅಳತೆಯಲ್ಲಿ ಇರುತ್ತವೆ. ವಿಎಲ್‌ಸಿ ಎಂಬ ತಂತ್ರಾಂಶ ಅವುಗಳನ್ನು ನುಡಿಸುತ್ತದೆ. ಬೇರೆ ರೂಪಕ್ಕೆ ಬದಲಿಸಿಕೊಂಡರೂ ಮೂಲ ಕಡತವನ್ನು ಹಾಗೆಯೇ ಇಟ್ಟಿರಿ.

ಅದೇ ಕ್ಯಾಮೆರಾದಿಂದ ಮತ್ತೆ ಚಿತ್ರ ತೆಗೆಯುವುದು

2002ರ ಸ್ಯಾನ್ಯೋ ಎಸ್‌ಸಿಪಿ-5300ರಲ್ಲೂ, ಎರಡು ವರ್ಷಗಳ ಬಳಿಕ ಬಂದ ರೇಜರಿನಲ್ಲೂ ಚಿತ್ರದ ಗರಿಷ್ಠ ಅಳತೆ 640×480, ಅಂದರೆ 3,07,200 ಬಿಂದುಗಳು. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ ಸುಮಾರು 5.4 × 4.1 ಸೆಂ.ಮೀ.; 150ಕ್ಕೆ ಇಳಿಸಿದರೆ 10.8 × 8.1 ಸೆಂ.ಮೀ. ಈ ಮಿತಿಯನ್ನು ಮೊದಲೇ ಒಪ್ಪಿಕೊಂಡು ಒಂದು ಚೌಕಟ್ಟಿನಲ್ಲಿ ಒಂದೇ ವಿಷಯವನ್ನು ದೊಡ್ಡದಾಗಿ ಹಿಡಿದರೆ ಚಿತ್ರ ಗೆಲ್ಲುತ್ತದೆ. ದೂರದ ಬೆಟ್ಟ, ಜನಜಂಗುಳಿ, ಸಣ್ಣ ಅಕ್ಷರದ ಫಲಕ, ಇವು ಇದರ ಶಕ್ತಿಗೆ ಮೀರಿದವು.

ತೆಗೆಯುವ ಮುನ್ನ ಅಳತೆಯ ಸೆಟ್ಟಿಂಗ್ ನೋಡಿ. ಎಂಎಂಎಸ್‌ಗೆಂದು ಯಾರೋ ಎಂದೋ ಚಿಕ್ಕದಾಗಿಸಿದ್ದು ಹಾಗೆಯೇ ಉಳಿದಿರಬಹುದು. ಮಸೂರವಿರುವುದು ಮುಚ್ಚಳದ ಹೊರಭಾಗದಲ್ಲಾದರೆ ಫೋನು ತೆರೆಯುವಾಗ ಹೆಬ್ಬೆರಳು ಬೀಳುವುದು ಅದರ ಮೇಲೆಯೇ. ಹಳೆಯ ಫೋನಿನ ಚಿತ್ರಗಳಿಗೆ ಮಂಜು ಕವಿದಂತಿದೆ ಎಂದು ಹಲವರು ಮೆಚ್ಚಿಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲು ಬೆರಳಿನ ಜಿಡ್ಡು ಎಂಬುದು ನನ್ನ ಅನುಮಾನ. ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿ. ಬಹುತೇಕ ಮಾದರಿಗಳ ಫೋಕಸ್ ಬದಲಾಗದಂಥದ್ದಾದ್ದರಿಂದ ತೀರ ಹತ್ತಿರದ ವಸ್ತು ಮಸುಕಾಗುತ್ತದೆ. ಒಂದು ಮೀಟರಿನಷ್ಟು ದೂರ ನಿಲ್ಲಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರಲಿ. ಗುಂಡಿ ಒತ್ತಿದ ಕ್ಷಣಕ್ಕೂ ಚಿತ್ರ ದಾಖಲಾಗುವ ಕ್ಷಣಕ್ಕೂ ನಡುವೆ ಗಮನಿಸುವಷ್ಟು ಅಂತರವಿರುವುದರಿಂದ ಸದ್ದು ಕೇಳಿದ ಮೇಲೂ ಕೈ ಅಲುಗಿಸಬೇಡಿ. ಜೂಮ್ ಗುಂಡಿ ಇಲ್ಲವೆಂದೇ ಭಾವಿಸಿ. ಅದು ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ಏನನ್ನೂ ಹತ್ತಿರಕ್ಕೆ ತರುವುದಿಲ್ಲ. ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವ ಕಾರಣ ವೇಗವಾಗಿ ಓಡುವ ವಾಹನ ಓರೆಯಾಗಿ ಮೂಡುತ್ತದೆ.

ಈ ಫೋನುಗಳ ಒಂದು ಸೌಕರ್ಯವನ್ನು ಮಾತ್ರ ಇಂದಿನವು ಸುಲಭವಾಗಿ ಕೊಡಲಾರವು. ಹೊರಗೂ ಒಂದು ಪುಟ್ಟ ಪರದೆಯಿರುವ ಹಲವು ಮಾದರಿಗಳಲ್ಲಿ, ಫೋನು ಮುಚ್ಚಿದಂತೆಯೇ ಕ್ಯಾಮೆರಾ ಚಾಲೂ ಮಾಡಿ, ಆ ಪರದೆಯಲ್ಲಿ ನಿಮ್ಮ ಮುಖ ನೋಡಿಕೊಂಡು, ಪಕ್ಕದ ಗುಂಡಿಯಿಂದ ಮುಖ್ಯ ಕ್ಯಾಮೆರಾದಲ್ಲೇ ನಿಮ್ಮ ಚಿತ್ರ ತೆಗೆಯಬಹುದು.

ದಿನಬಳಕೆಗೆ

ಕರೆ ಮಾಡಲು ಬಳಸುವುದಾದರೆ ಮೊದಲು ನಿಮ್ಮಲ್ಲಿ ಇಂಥ ಬಹುತೇಕ ಫೋನುಗಳಿಗೆ ಬೇಕಾದ ಹಳೆಯ 2ಜಿ ಜಾಲ ಉಳಿದಿದೆಯೇ ಎಂದು ವಿಚಾರಿಸಿ. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2016ರ ಡಿಸೆಂಬರಿನಲ್ಲಿ, ಅಮೆರಿಕದ ಎಟಿ&ಟಿ 2017ರ ಜನವರಿ 1ರಂದು ಅದನ್ನು ನಿಲ್ಲಿಸಿದವು; ವೆರೈಜನ್‌ನ ಸಿಡಿಎಂಎ ಜಾಲ 2022ರ ಕೊನೆಗೆ ಮುಗಿಯಿತು. ಫೋನಿಗೆ ಹೊಂದುವ ಜಾಲವೇ ಇಲ್ಲದ ಕಡೆ ತುರ್ತು ಕರೆಯೂ ಹೋಗುವುದಿಲ್ಲ ಎಂಬುದನ್ನು, ಹಿರಿಯರಿಗೆ ‘ಸರಳ ಫೋನು’ ಎಂದು ಇದನ್ನು ಕೊಡುವವರು ಮರೆಯಬಾರದು.

ತೆರೆದಾಗ ಕರೆ ಸ್ವೀಕಾರವಾಗುವಂತೆ, ಮುಚ್ಚಿದಾಗ ಕೊನೆಯಾಗುವಂತೆ ಸೆಟ್ಟಿಂಗ್ ಇರುತ್ತದೆ. ಯಾರ ಕರೆಯೆಂದು ನೋಡಿ ನಿರ್ಧರಿಸುವ ಅಭ್ಯಾಸವಿದ್ದು ಹೊರಪರದೆ ಇಲ್ಲದಿದ್ದರೆ ಮೊದಲನೆಯದನ್ನು ಆಫ್ ಮಾಡಿಬಿಡಿ. ಒಂದೇ ಕೈಯಲ್ಲಿ ಝಾಡಿಸಿ ತೆರೆಯುವ ಚೆಂದಕ್ಕೆ ಕೀಲು ಬೆಲೆ ತೆರುತ್ತದೆ. ಕನ್ನಡ ಲಿಪಿಯ ಸಂದೇಶಗಳು ಅಕ್ಷರವಿನ್ಯಾಸವಿಲ್ಲದೆ ಖಾಲಿ ಚೌಕಗಳಾಗಿ ಕಾಣುವುದೇ ಹೆಚ್ಚು. ಸಂದೇಶಗಳ ಪೆಟ್ಟಿಗೆ ತುಂಬಿದರೆ ಹೊಸವು ಒಳಗೆ ಬರುವುದಿಲ್ಲ. ಆಗಾಗ ಖಾಲಿ ಮಾಡುತ್ತಿರಬೇಕು. ಅಂತರ್ಜಾಲದ ಗುಂಡಿಯನ್ನು ಮರೆತುಬಿಡಿ: ಆ ಬ್ರೌಸರುಗಳಿಗೆ ಇಂದಿನ ಜಾಲತಾಣಗಳ ಭದ್ರತಾ ವಿಧಾನಗಳೇ ತಿಳಿಯವು.

ಬಳಸದೆ ಎತ್ತಿಡುವಾಗ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ, ಹೊರತೆಗೆದು, ತಂಪಾದ ಒಣ ಜಾಗದಲ್ಲಿ ಬೇರೆಯಾಗಿ ಇಡಿ. ಆರು ತಿಂಗಳಿಗೊಮ್ಮೆ ನೋಡಿ. ಬೇರೆಯವರಿಗೆ ಕೊಡುವುದಾದರೆ ಸಿಮ್ ಮತ್ತು ಕಾರ್ಡನ್ನು ತೆಗೆದುಕೊಂಡು, ಹೊರತೆಗೆದ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ, ಇನ್ನೊಂದು ಕಡೆ ಅವುಗಳ ನಕಲನ್ನೂ ಇಟ್ಟ ಮೇಲೆ, ಇಷ್ಟು ಹೊತ್ತು ದೂರವಿಟ್ಟಿದ್ದ ‘ಮಾಸ್ಟರ್ ಕ್ಲಿಯರ್’ ಅನ್ನು ಒತ್ತಬಹುದು.