ಅಟ್ಟ ಆಮೇಲೆ, ಮೊದಲು ಜಗಲಿ

ಶಿರಸಿ ಕಡೆಯ ಹಳೆ ಮನೆಗಳಲ್ಲಿ ಸಾಮಾನು ಜಾಸ್ತಿ. ಅದಕ್ಕೆ ಕಾರಣವೂ ಇದೆ. ಮಳೆ ಹಿಡಿದರೆ ಪೇಟೆಗೆ ಹೋಗಿಬರುವುದೇ ಕಷ್ಟ, ಹಾಗಾಗಿ ಒಣ ಕಟ್ಟಿಗೆಯಿಂದ ಉಪ್ಪಿನಕಾಯಿ ಭರಣಿಯವರೆಗೆ ಎಲ್ಲವನ್ನೂ ಬೇಸಿಗೆಯಲ್ಲೇ ಕೂಡಿಡುತ್ತೇವೆ. ಮನೆ ಚೊಕ್ಕ ಮಾಡಲು ಆರು ತಿಂಗಳು ಮುಟ್ಟದ್ದನ್ನು ಬಿಸಾಕಿ ಅನ್ನುವ ಸಲಹೆ ನಮಗೆ ಹೊಂದುವುದಿಲ್ಲ. ಕಂಬಳಿ, ದೊಡ್ಡ ಹಂಡೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ವರ್ಷದಲ್ಲಿ ಬಹಳ ದಿನ ಸುಮ್ನೆ ಕೂತಿರುತ್ತವೆ. ಬೇಕಾದಾಗ ಮಾತ್ರ ಬೇಕೇ ಬೇಕು.

ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಅಟ್ಟವಲ್ಲ, ಜಗಲಿಯ ಮೇಜು. ಕರೆಂಟ್ ಬಿಲ್ಲು, ಹಾಲಿನ ಡೈರಿ ಪುಸ್ತಕ, ಅತ್ತೆಯ ಮಾತ್ರೆ, ಮದುವೆ ಕರೆಯೋಲೆ, ಯಾವ ಫೋನಿನದೆಂದು ಗೊತ್ತಿಲ್ಲದ ಚಾರ್ಜರು, ಎಲ್ಲ ಅಲ್ಲೇ. ಅದೇ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಕೆಲಸ. ಕಣ್ಣು ಬಿಲ್ಲಿನ ಮೇಲೆ ಬಿದ್ದರೆ ಕಟ್ಟಿದ್ದೇವಾ ಇಲ್ವಾ ಅನ್ನುವ ಯೋಚನೆ, ಕರೆಯೋಲೆ ಕಂಡರೆ ಯಾರು ಹೋಗುವುದು ಅನ್ನುವ ಯೋಚನೆ, ಹೀಗೆ ದಿನವಿಡೀ. ಸಂಜೆಗೆ ತಲೆ ಭಾರ, ಮಗನ ಮೇಲೆ ಕಾರಣವಿಲ್ಲದೆ ರೇಗಾಟ.

ಇದು ನನ್ನೊಬ್ಬಳ ಮನಸ್ಸಿನ ಆಟವಲ್ಲ. ಕಣ್ಣೆದುರು ಒಟ್ಟಿಗೆ ಇರುವ ವಸ್ತುಗಳು ಮಿದುಳಿನ ಗಮನಕ್ಕಾಗಿ ಪೈಪೋಟಿ ನಡೆಸುತ್ತವೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಬರೆದಿದ್ದಾರೆ. ಅದಕ್ಕಿಂತ ನನಗೆ ಹೆಚ್ಚು ತಟ್ಟಿದ್ದು ಲಾಸ್ ಏಂಜಲೀಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ 60 ಮಂದಿ ತಮ್ಮ ಮನೆಯನ್ನು ತೋರಿಸುತ್ತಾ ಮಾತಾಡಿದ್ದರು. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯಬೇಕು. ಮನೆ ಅಸ್ತವ್ಯಸ್ತ, ಕೆಲಸ ಮುಗಿದಿಲ್ಲ ಎಂಬಂತೆ ಮಾತಾಡಿದ ಹೆಂಗಸರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ಸಾಮಾನೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ಸರಿ. ಆದರೆ ಮನೆ ನೋಡಿದಾಗ ಮಾಡದ ಕೆಲಸ ಕಾಣುವುದು ಯಾರಿಗೆ ಅಂತ ನಮ್ಮ ಮನೆಗಳಲ್ಲೂ ಗೊತ್ತಿರುವುದೇ ಅಲ್ವಾ?

ಹಾಗಾಗಿ ದಿನವೂ ಕಣ್ಣಿಗೆ ಬೀಳುವ ಜಾಗದಿಂದ ಶುರು ಮಾಡಿದೆ. ಮೇಜಿನ ಮೇಲಿದ್ದದ್ದನ್ನೆಲ್ಲ ಚಾಪೆಯ ಮೇಲೆ ಹರಡಿ, ಒಂದೊಂದನ್ನೇ ಎತ್ತಿ, ಇದಕ್ಕೆ ಏನು ಮಾಡಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ಬಿಲ್ಲನ್ನು ಫೋನಿನಲ್ಲೇ ಕಟ್ಟಿ ಮೊಳೆಗೆ ಸಿಕ್ಕಿಸಿದೆ. ಕರೆಯೋಲೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದು ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ದೇವರ ಚಿತ್ರವಿದ್ದರೆ ಮಾತ್ರ ಅತ್ತೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಅದು ಅವರ ಇಷ್ಟ. ಟಾರ್ಚಿಗೆ ಬಾಗಿಲ ಪಕ್ಕ ಒಂದು ಗೂಟ. ಜುಲೈ ರಾತ್ರಿ ಕರೆಂಟ್ ಹೋದಾಗ ಕತ್ತಲಲ್ಲಿ ತಡಕಾಡದೆ ಕೈಗೆ ಟಾರ್ಚ್ ಸಿಗುವ ಸಮಾಧಾನ ದೊಡ್ಡದು.

ಜಾತ್ರೆ ಸಮಯದ ಗಡಿಬಿಡಿ ಬೇರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನೆಂಟರು ಬರುತ್ತಾರೆಂದು ಎಲ್ಲವನ್ನೂ ಒಂದು ಕೋಣೆಗೆ ತುಂಬಿ ಬಾಗಿಲು ಹಾಕುವುದು ಸುಮಾರು ಮನೆಗಳ ಪದ್ಧತಿ. ಅದು ಚೊಕ್ಕ ಮಾಡಿದಂತೆ ಅಲ್ಲ. ನಮ್ಮ ಮಳೆಗಾಲದಲ್ಲಿ ಗಾಳಿಯಾಡದ ಕೋಣೆಯ ಬಟ್ಟೆ, ಪುಸ್ತಕ, ಚರ್ಮದ ಚೀಲಕ್ಕೆಲ್ಲ ಬೂಸಲು ಬರುತ್ತದೆ. ಆ ಬೂಸಲಿಗೆ ಅಲರ್ಜಿ ಇದ್ದವರಿಗೆ ಸೀನು, ಉಬ್ಬಸ ಬೇರೆ. ಅದಕ್ಕೇ ಕಪಾಟನ್ನು ಗೋಡೆಯಿಂದ ಸ್ವಲ್ಪ ಮುಂದೆ ಎಳೆದಿಟ್ಟಿದ್ದೇನೆ, ಒಳಗೂ ಒತ್ತಿ ತುಂಬುವುದಿಲ್ಲ.

ಅತ್ತೆಯ ಸಾಮಾನನ್ನು ಅವರಿಲ್ಲದಾಗ ಮುಟ್ಟಲೇ ಇಲ್ಲ. ಕೇಳಿದರೆ "ಇರ್ಲಿ ಬಿಡು ತಂಗಿ, ಬೇಕಾಗ್ತು" ಅನ್ನುತ್ತಾರೆ. ಕೆಲವು ನಿಜವಾಗಿ ಬೇಕಾಗುತ್ತವೆ, ಕೆಲವಕ್ಕೆ ಮಾವನ ನೆನಪಿದೆ. ಹಿರಿಯರ ವಸ್ತು ಕದ್ದು ಎಸೆದು ಮನೆ ಚೆಂದ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಯಾರಿಗಾದರೂ ಹಳೆ ಪೇಪರು, ಖಾಲಿ ಡಬ್ಬಿಯನ್ನೂ ಬಿಡಲಾಗದಷ್ಟು ಸಂಕಟವಾಗಿ, ಮನೆಯಲ್ಲಿ ಓಡಾಡಲೂ ಜಾಗ ಇಲ್ಲದಂತಾಗಿದ್ದರೆ ಅದು ಸೋಮಾರಿತನ ಅಲ್ಲ, ಕಾಯಿಲೆ ಇರಬಹುದು. ಬೈಯಬೇಡಿ. ವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಅಟ್ಟಕ್ಕೆ ಕೈ ಹಾಕುವುದಿದ್ದರೆ ಅಡಿಕೆ ಕೆಲಸ ಮುಗಿದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ ಹಾಕಿ. ಇಳಿಸಿದ್ದನ್ನೆಲ್ಲ ಅಂಗಳದ ಬಿಸಿಲಿಗೆ ಹರಡಬಹುದು, ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕೇಳಿ ವಿಂಗಡಿಸಬಹುದು.